ಕಪ್ಪು ಕಲ್ಲಿನ ಬಿಳಿ ಗೆರೆ

ಮೈ ಡಿಯರ್ ಮಗಳೇ,

ನಿಮ್ಮ ಕೆಲಸದ ಕೊಳವೆಬಾವಿಯಿಂದ ತೆಗೆದ ಕಪ್ಪು ಕಲ್ಲಿನ ಫೋಟೋ ನೋಡಿದೆ. ನೀವು ನೀರಿನಲ್ಲಿ ಬೆರೆಸಿ ನೆಲದಾಳಕ್ಕೆ ಕಳಿಸಿದ ಕಾರ್ಬನ್ ಡೈಆಕ್ಸೈಡ್, ಕಲ್ಲಿನ ಖನಿಜಗಳನ್ನು ಕರಗಿಸಿ, ಅವುಗಳ ಜೊತೆ ಸೇರಿ ಬಿಳಿ ಗೆರೆಯಾಗಿ ಗಟ್ಟಿಯಾಗಿದೆಯಲ್ಲ! ಕಾಲೇಜಿನಲ್ಲಿ ಇದನ್ನು ಪ್ರೆಸಿಪಿಟೇಟ್ ಅಂತಲೋ ಏನೋ ಓದಿದ್ದೆ, ಹೋಗಲಿ. "ನನ್ನ ಮಗಳು ಭೂಮಿಗೆ ಸೋಡಾ ಕುಡಿಸ್ತಾಳೆ" ಎಂದು ಬೀದಿಗೆಲ್ಲ ಸಾರುತ್ತಿದ್ದ ನಿನ್ನಮ್ಮ ಇದನ್ನು ನೋಡಲಿಲ್ಲ.

ಆ ನೀರನ್ನು ಒಳಗಿಳಿಸುವ ಪಂಪಿನ ಕೆಲಸದಿಂದಲೇ ಅವಳ ಕೊನೆಗಳಿಗೆಗೆ ಬರಲಾಗಲಿಲ್ಲವೆಂದು ರಾಜೀನಾಮೆ ಬರೆದಿಟ್ಟಿದ್ದೀಯಂತೆ. ಬೇಡ ಕಣಮ್ಮ. ಅವತ್ತು ನಾನು ಫೋನ್ ಕೈಗೆತ್ತಿಕೊಂಡಿದ್ದೆ, ಅವಳೇ ತಡೆದಳು. "ಸುಮ್ನಿರಿ, ಪಂಪು ನಿಲ್ಸಿ ಓಡಿ ಬಂದ್ಬಿಡ್ತಾಳೆ. ಇಷ್ಟು ದಿನದ ಕೆಲಸ ಹಾಳಾಗುತ್ತೆ." ಸಂಜೆಗೆ ಹೇಳೋಣ ಅಂದುಕೊಂಡೆವು. ಸಂಜೆಯವರೆಗೆ ಅವಳು ಉಳಿಯಲಿಲ್ಲ.

ರಾಜೀನಾಮೆ ಕೊಡಬೇಡ. ಬರುವಾಗ ಆ ಕಲ್ಲಿನದೊಂದು ಚೂರು ತಾ. ಅವಳ ಪರವಾಗಿ ನಾನು ಮುಟ್ಟಿ ನೋಡುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಅಪ್ಪ