ಪಾಲಿಗೆ ಬಂದ ಜೇನುಪೆಟ್ಟಿಗೆಗಳು

ಲಾಯಿಲ,
6-1-1999, ಬುಧವಾರ

ಪ್ರೀತಿಯ ಸುಬ್ಬಮ್ಮಕ್ಕನಿಗೆ,

ಅಮ್ಮಣಿ ಮಾಡುವ ನಮಸ್ಕಾರಗಳು. ನಾವು ಕ್ಷೇಮ. ನೀವೂ ಕ್ಷೇಮವೆಂದು ಬಲ್ಲೆ, ಯಾಕೆಂದರೆ ಇವತ್ತು ಬೆಳಿಗ್ಗೆ ನೀವು ಬಟ್ಟೆ ಒಗೆಯುತ್ತಾ ಭಾವನಿಗೆ ಬೈಯುತ್ತಿದ್ದುದು ಗೋಡೆಯ ಈಚೆಗೆ ಚೆನ್ನಾಗಿ ಕೇಳುತ್ತಿತ್ತು. ಕ್ಷೇಮವಿಲ್ಲದವರಿಗೆ ಅಷ್ಟು ದೊಡ್ಡ ಸ್ವರ ಬರುವುದಿಲ್ಲ.

ಎದೆಮಟ್ಟದ ಒಂದು ಗೋಡೆ ದಾಟಲು ಈ ಕಾಗದ ಬೆಳ್ತಂಗಡಿಯ ಅಂಚೆ ಕಚೇರಿಗೆ ಹೋಗಿ, ಮುದ್ರೆ ಹಾಕಿಸಿಕೊಂಡು, ಅಂಚೆಯವರ ಸೈಕಲ್ಲಿನಲ್ಲಿ ಕುಳಿತು ವಾಪಸು ಬರಬೇಕು. ನಗು ಬಂದರೆ ನಕ್ಕುಬಿಡಿ. ಬರೆಯಲು ಕುಳಿತಾಗ ನನಗೂ ನಗುವೇ ಬಂತು, ಆಮೇಲೆ ಅಳು ಬಂತು, ಈಗ ಎರಡೂ ಇಲ್ಲ. ತಲೆ ಮಾತ್ರ ಗಿರ್ರೆನ್ನುತ್ತಿದೆ.

ಈ ಉಪಾಯ ನನ್ನದಲ್ಲ, ಆಚೆಮನೆ ಜೈನಬಮ್ಮನದು. ಮೊನ್ನೆ ಕೋಳಿಮೊಟ್ಟೆ ಕೊಡಲು ಬಂದವರ ಹತ್ತಿರ ನಾನು ಆಣೆಯ ಕಥೆ ಹೇಳಿ ಮೂಗು ಒರೆಸಿಕೊಳ್ಳುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿ, "ಅಲ್ಲ ಅಮ್ಮಣಿಯಕ್ಕ, ಆಣೆ ಹಾಕಿದ್ದು ಮಾತಿಗೆ ಅಲ್ವಾ? ಕಾಗದಕ್ಕೆ ಹಾಕಿದ್ದುಂಟಾ?" ಎಂದರು. ಕಾಗದ ಬರೆದರೆ ಮಾತಾಡಿದ ಹಾಗೆ ಆಗುತ್ತದೆಯೇ, ಇಲ್ಲವೇ? ದೇವರ ಲೆಕ್ಕದಲ್ಲಿ ಅದು ಹೇಗೋ. ತಪ್ಪಾದರೆ ನನ್ನ ತಲೆಯ ಮೇಲೆ ಇರಲಿ, ನೀವು ಓದಿದ್ದೀರಿ ಅಷ್ಟೆ. ಇವರಿಗೆ ನಾನು ಬರೆಯುತ್ತಿರುವುದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅಕ್ಕ, ನಿಮ್ಮ ಜೇನುಹುಳಗಳು ಸಾಯುತ್ತಿವೆ. ನಿಮ್ಮವು ಎಂದೇ ಬರೆಯುತ್ತೇನೆ, ಪಾಲಿನ ಹಿರಿಯರು ಏನು ಬೇಕಾದರೂ ಹೇಳಿಕೊಳ್ಳಲಿ. ನಾಲ್ಕು ಪೆಟ್ಟಿಗೆಯಲ್ಲಿ ಒಂದು ಆಗಲೇ ಬರಿದಾಗಿದೆ. ಉಳಿದ ಮೂರನ್ನು ಹೇಗೆ ಉಳಿಸಿಕೊಳ್ಳುವುದೆಂದು ನನಗೆ ತಿಳಿಯದು. ತಿಳಿದಿರುವವರು ನೀವೊಬ್ಬರು, ನಿಮ್ಮೊಂದಿಗೆ ನನಗೆ ಮಾತಿಲ್ಲ. ಇದಕ್ಕಿಂತ ದೊಡ್ಡ ಹುಚ್ಚಾಟ ನಾನು ಕಂಡಿಲ್ಲ.

ಈ ಮನುಷ್ಯನಿಗೆ ಪೆಟ್ಟಿಗೆಗಳು ಯಾಕೆ ಬೇಕಾದವು ಎಂಬುದೇ ನನಗೆ ಈವರೆಗೆ ಅರ್ಥವಾಗಿಲ್ಲ. ಮನೆ ಪಾಲಾಗುವ ದಿನ ಹಿಟ್ಟಿನ ಗಿರಣಿ ಭಾವನಿಗೆ, ಪೇಟೆಯ ಅಂಗಡಿಕೋಣೆ ನಮಗೆ, ದನ ನಿಮಗೆ, ಭತ್ತ ತುಂಬುವ ಮರದ ಪತ್ತಾಯ ನಮಗೆ, ಎಲ್ಲ ಸರಿಯಾಗಿಯೇ ಸಾಗುತ್ತಿತ್ತು. ಜೇನಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಕಕ್ಕಿಂಜೆಯ ತವರಿನಿಂದ ನೀವು ತಂದ ಒಂದು ಪೆಟ್ಟಿಗೆ ನಾಲ್ಕಾದದ್ದು ನಿಮ್ಮ ಕೈಯಿಂದ, ಅದು ಊರಿಗೇ ಗೊತ್ತು. ಅಷ್ಟರಲ್ಲಿ ಇವರು ಎದ್ದು ನಿಂತು, "ಜೇನುಪೆಟ್ಟಿಗೆ ನನಗೆ ಬೇಕು" ಎಂದರು! ಮನೆಯೊಳಗೆ ಒಂದು ಹುಳ ಬಂದರೆ ತಲೆಗೆ ಬೈರಾಸು ಸುತ್ತಿಕೊಂಡು ಬಚ್ಚಲಿಗೆ ಓಡುವ ಜನ ಇದು. ಭಾವನಿಗೆ ರೇಗಿದ್ದು ಅಲ್ಲಿಯೇ. "ಅವಳ ಹುಳವನ್ನೂ ಬಿಡುವುದಿಲ್ವಾ ನೀನು?" ಎಂದು ಅವರು ಎಲ್ಲರೆದುರು ಕೇಳಿದರು. ಇವರ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆಯಿತು. ಇನ್ನು ಮೇಲೆ ಎರಡು ಮನೆಗೂ ಮಾತಿಲ್ಲ, ಪಾಲಿನ ಸೊತ್ತು ಎತ್ತಿದ ಮೇಲೆ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡಬಾರದು, ಧರ್ಮಸ್ಥಳದ ಆಣೆ ಎಂದು ಇವರು ಹೇಳಿಬಿಟ್ಟರು. ಬಾಯಿಂದ ಬಿದ್ದ ಮೇಲೆ ಮುಗಿಯಿತಲ್ಲ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಅಲ್ಲಿಗೇ ಹೋಗಿ ಬಿಡಿಸಿಕೊಂಡು ಬರುವ ತನಕ ನೀವು ಆಚೆ, ನಾವು ಈಚೆ.

ಮತ್ತೆ ಮುಹೂರ್ತದ ಕಥೆ. ಪಾಲಿಗೆ ಬಂದ ಸೊತ್ತನ್ನು ಹತ್ತು ಗಂಟೆಯ ಒಳ್ಳೆಯ ಗಳಿಗೆಯಲ್ಲೇ ಎತ್ತಬೇಕೆಂದು ಜೋಯಿಸರು ಹೇಳಿದ್ದರು. ಪತ್ತಾಯಕ್ಕೆ ಅದು ಒಳ್ಳೆಯ ಗಳಿಗೆಯೇ ಇರಬಹುದು. ಹುಳಗಳಿಗೆ? ಅವು ಬೆಳಗಾಗುತ್ತಲೇ ಹೂವಿಗೆ ಹೋಗಿದ್ದವು. ಇವರು ಮೈಗೆಲ್ಲ ಗೋಣಿ ಸುತ್ತಿಕೊಂಡು, ಮೂಸಾನನ್ನೂ ಅವನ ರಿಕ್ಷಾದಿಂದ ಇಳಿಸಿ ಸಹಾಯಕ್ಕೆ ಕರೆದುಕೊಂಡು, ಪೆಟ್ಟಿಗೆಗಳನ್ನು ಹೊತ್ತು ನಮ್ಮ ಅಂಗಳದಲ್ಲಿಟ್ಟರು. ಹೂವಿನಿಂದ ಮರಳಿದ ಹುಳಗಳು ಹಳೆಯ ಜಾಗಕ್ಕೇ ಬಂದವು. ಅಲ್ಲಿ ಪೆಟ್ಟಿಗೆ ಇಡುತ್ತಿದ್ದ ಖಾಲಿ ಕಂಬಗಳು ಮಾತ್ರ ನಿಂತಿದ್ದವು. ನೀವು ಜಗಲಿಯಲ್ಲಿ ಕುಳಿತು ಅದನ್ನು ನೋಡುತ್ತಿದ್ದಿರಿ.

ಎರಡು ದಿನದಲ್ಲಿ ಸರಿಯಾಗುತ್ತದೆ ಎಂದುಕೊಂಡೆ. ಮೂರು ವಾರವಾಯಿತು, ಸರಿಯಾಗಲಿಲ್ಲ. ಹೊರಗೆ ಹೋದ ಹುಳ ಅರ್ಧ ನಮ್ಮಲ್ಲಿಗೆ ಬರುತ್ತದೆ, ಅರ್ಧ ನಿಮ್ಮಲ್ಲಿಗೆ. ಬೇರೆ ವರ್ಷವಾದರೆ ಈ ಹೊತ್ತಿಗೆ ಚಾರ್ಮಾಡಿ ಕಡೆಯಿಂದ ಚಳಿ ಇಳಿದಿರುತ್ತಿತ್ತು. ಬಿಸಿಲು ಏರುವ ತನಕ ಹುಳಗಳು ಪೆಟ್ಟಿಗೆಯ ಬಾಯಿಗೂ ಬರುತ್ತಿರಲಿಲ್ಲ. ನಾಲ್ಕು ದಿನ ಹಾಗೆ ಒಳಗೇ ಕುಳಿತರೆ ಹಳೆಯ ದಾರಿ ಮರೆಯುತ್ತವೆ ಎಂದು ನೀವೇ ಒಮ್ಮೆ ಹೇಳಿದ ನೆನಪು. ಈ ವರ್ಷ ಚಳಿಯೇ ಇಲ್ಲವಲ್ಲ! ಧನುರ್ಮಾಸದಲ್ಲಿ ಫ್ಯಾನು ಹಾಕಿಕೊಂಡು ಮಲಗುತ್ತಿದ್ದೇವೆ. ಕಂಬಳಿ ಟ್ರಂಕಿನಿಂದ ಹೊರಗೆ ಬರಲಿಲ್ಲ. ಹುಳಗಳು ನಸುಕಿಗೇ ಹೊರಡುತ್ತವೆ, ಒಳಗೆ ಕುಳಿತು ಮರೆಯಲು ಅವಕ್ಕೆ ಒಂದು ದಿನದ ಬಿಡುವೂ ಸಿಕ್ಕಿಲ್ಲ.

ಇನ್ನೊಂದು ವಿಷಯ. ಸಂಜೆಯಾಗುವಾಗ ಗೋಡೆಯ ಮೇಲೆ ಬಟ್ಟೆ ಮುಚ್ಚಿದ ಒಂದು ಬುಟ್ಟಿ ಇರುತ್ತದೆ. ಒಳಗೆ ದಾರಿ ತಪ್ಪಿದ ಹುಳಗಳೆಲ್ಲ ಗೊಂಚಲಾಗಿ ಕುಳಿತಿರುತ್ತವೆ. ನಾನು ಅದನ್ನು ಒಯ್ದು ಪೆಟ್ಟಿಗೆಯ ಬಾಗಿಲಲ್ಲಿ ಕೊಡವುತ್ತೇನೆ, ಖಾಲಿ ಬುಟ್ಟಿ ಗೋಡೆಯ ಮೇಲೆ ಇಡುತ್ತೇನೆ, ಮರುದಿನ ಅದು ಮತ್ತೆ ತುಂಬಿ ಬರುತ್ತದೆ. ಯಾರು ಇಡುತ್ತಾರೆಂದು ಇವರನ್ನು ಕೇಳಿದೆ. ಗಾಳಿಗೆ ಬಂದಿರಬೇಕು ಎಂದರು. ಗಾಳಿ ಬುಟ್ಟಿಯ ಬಾಯಿಗೆ ನಿಮ್ಮ ಹಳೆಯ ಸೀರೆಯ ಸೆರಗನ್ನು ಕಟ್ಟುತ್ತದೆಯೇ? ನಾನೂ ಮತ್ತೆ ಕೇಳಲಿಲ್ಲ. ಗೋಡೆ ಯಾರ ಅಂಗಳವೂ ಅಲ್ಲ ಎಂದು ನೀವು ಲೆಕ್ಕ ಹಾಕಿದಿರಲ್ಲ, ಆ ಬುದ್ಧಿ ನನಗೆ ಹೊಳೆಯಲಿಲ್ಲ.

ಆದರೆ ಹೀಗೆ ಎಷ್ಟು ದಿನ? ಪ್ರತಿ ಸಂಜೆ ಒಂದಷ್ಟು ಹುಳ ಬುಟ್ಟಿಗೆ ಸಿಗದೆ ಕಂಬದ ಬುಡದಲ್ಲಿ ಸತ್ತು ಬೀಳುತ್ತವೆ. ಅದನ್ನು ಇರುವೆ ಎಳೆಯುವುದು ಇಲ್ಲಿಂದಲೇ ಕಾಣುತ್ತದೆ.

ಸಾಲದ್ದಕ್ಕೆ ನಿನ್ನೆ ಹೊಸತೊಂದು ಗೊಂದಲ. ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿದೆ. ನಿಮ್ಮ ಹಾಗೆ ತೆಂಗಿನ ಸಿಪ್ಪೆಯ ಹೊಗೆ ಕೊಟ್ಟೆ. ಜಾಸ್ತಿಯಾಯಿತೋ ಕಡಿಮೆಯಾಯಿತೋ, ಒಂದು ಹುಳ ಹುಬ್ಬಿನ ಮೇಲೆ ಕಚ್ಚಿತು. ಸುಣ್ಣ ಹಚ್ಚಿಕೊಂಡು ಒಂದೇ ಕಣ್ಣಿನಲ್ಲಿ ನೋಡಿದೆ. ಮೇಣದ ಎರಿಯ ಅಡಿಯಲ್ಲಿ ರಾಣಿ ಹುಟ್ಟುವ ಉದ್ದನೆಯ ಗೂಡುಗಳು ನೇತಾಡುತ್ತಿವೆ. ಶಿವರಾತ್ರಿಯ ಹತ್ತಿರ ಕಾಣುವುದು ಈಗಲೇ ಬಂದಿದೆ. ಗೇರು ಹೂ ಬಿಟ್ಟಿದೆ, ಮಾವು ಹೂ ಬಿಟ್ಟಿದೆ, ಸೆಕೆಗೆ ಎಲ್ಲವಕ್ಕೂ ತಿಂಗಳು ತಪ್ಪಿದೆ. ಹೊಸ ರಾಣಿ ಬಂದರೆ ಹಳೆಯದು ಅರ್ಧ ಹುಳ ಕಟ್ಟಿಕೊಂಡು ಹಾರಿಹೋಗುತ್ತದಲ್ಲ. ನೀವು ಕೆಲವು ಗೂಡನ್ನು ಉಗುರಿನಲ್ಲಿ ಚಿವುಟುತ್ತಿದ್ದಿರಿ, ಕೆಲವನ್ನು ಬಿಡುತ್ತಿದ್ದಿರಿ. ಯಾವುದನ್ನು ಚಿವುಟುವುದು, ಯಾವುದನ್ನು ಬಿಡುವುದು? ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದೆ. ನೀವಿದ್ದೀರಲ್ಲ ಎಂದು ಸರಿಯಾಗಿ ನೋಡಲೇ ಇಲ್ಲ. ನಿನ್ನೆ ಉಗುರು ಹತ್ತಿರ ಒಯ್ದೆ, ಏನೂ ಮಾಡದೆ ಮುಚ್ಚಳ ಹಾಕಿ ಬಂದೆ. ಹಾರಿದ ಹಿಂಡು ನಿಮ್ಮ ಸೀತಾಫಲದ ಮರದಲ್ಲಿ ಕುಳಿತರೆ ಅದು ಯಾರ ಪಾಲು? ಹಿರಿಯರು ಅದನ್ನು ಬರೆದುಕೊಟ್ಟಿಲ್ಲ.

ಪೆಟ್ಟಿಗೆಗಳನ್ನೇ ನಿಮಗೆ ವಾಪಸು ಕೊಟ್ಟುಬಿಡುವ ಎಂದು ಇವರಿಗೆ ಹೇಳಿ ನೋಡಿದೆ. ಮನೆಯಲ್ಲಿ ಇವರು ಮಾತಾಡುವುದೇ ಅಪರೂಪವಾಗಿದೆ. ಅರ್ಧ ಊಟಕ್ಕೆ ಏಳುತ್ತಾರೆ, ಸಾರಿನಲ್ಲಿ ಏನೋ ಕಡಿಮೆ ಎನ್ನುತ್ತಾರೆ. ಏನೂ ಕಡಿಮೆಯಿಲ್ಲ, ನೀವು ಕಲಿಸಿದ ಸಾರೇ. ತಾಯಿ ಹೋದಾಗ ಇವರಿನ್ನೂ ಚಡ್ಡಿ ಹಾಕುವ ಶಾಲೆಯ ಹುಡುಗನಾಗಿದ್ದರಂತೆ. ಎಣ್ಣೆ ಹಚ್ಚಿ ಮೀಯಿಸಿದ್ದು, ಗಂಜಿ ಉಣ್ಣಿಸಿದ್ದು ನೀವು. ಅಂಥವರು ನಿಮ್ಮ ಮೇಲೆ ಆಣೆ ಹಾಕಿದ್ದು ಹೇಗೆಂದು ನನಗೆ ಇನ್ನೂ ತಿಳಿಯುತ್ತಿಲ್ಲ. ಕೇಳಿದರೆ ಅಂಗಡಿಗೆ ಹೊರಟುಬಿಡುತ್ತಾರೆ.

ಅಕ್ಕ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹುಳಗಳ ಪ್ರಶ್ನೆ ನಿಜ, ಆದರೆ ನನಗೆ ಬೇಕಾಗಿರುವುದು ನೀವು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ನನಗೆ ಹೋಗಲು ಜಾಗವಿಲ್ಲ. ಸುಮ್ಮನೆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ನೀವು ಒಳಗೆ ಹೋಗುತ್ತೀರಿ, ನನಗೆ ಕಷ್ಟವಾಗದಿರಲಿ ಎಂದೇ ಹೋಗುತ್ತೀರಿ ಎಂದು ಗೊತ್ತು. ಈ ಆಣೆ ಬಿಡಿಸಲು ಏನಾದರೂ ಮಾಡಿ. ಭಾವ ನಿಮ್ಮ ಮಾತು ಕೇಳುತ್ತಾರೆ. ಇವರು ನನ್ನ ಮಾತು ಕೇಳುವುದಿಲ್ಲ, ಕೇಳುವುದಿದ್ದರೆ ನಿಮ್ಮದನ್ನೇ.

ಉತ್ತರ ಬರೆಯುವಿರಾದರೆ ಕಾರ್ಡು ಬೇಡ, ಅಂಚೆಯವರು ಓದುತ್ತಾರೆ. ರಾಣಿಯ ಗೂಡಿನ ವಿಷಯ ಮೊದಲು ಬರೆಯಿರಿ, ಬೈಗುಳ ಆಮೇಲೆ.

ಇಂತಿ,
ಗೋಡೆಯ ಈಚೆಗಿನ ನಿಮ್ಮ ತಂಗಿ
ಅಮ್ಮಣಿ

ಮರೆತ ಮಾತು: ಅತ್ತಿಗೆ, ಇದನ್ನು ಬರೆಯುತ್ತಿರುವುದು ನಾನು, ಕೃಷ್ಣಕುಮಾರ. ಲಕೋಟೆ ಅಂಟಿಸಲು ಅನ್ನದ ಅಗುಳು ತರುತ್ತೇನೆಂದು ಇವಳು ಒಳಗೆ ಹೋದಾಗ ಓದಿದೆ. ಈಗ ಪಕ್ಕದಲ್ಲೇ ನಿಂತು ಅಳುತ್ತಿದ್ದಾಳೆ, ಬೈಯುತ್ತಲೂ ಇದ್ದಾಳೆ. ಪೆಟ್ಟಿಗೆ ಯಾಕೆ ಕೇಳಿದೆನೆಂದು ನಾಚಿಕೆಯಿಂದ ಇವಳಿಗೂ ಹೇಳಿರಲಿಲ್ಲ. ಮನೆ ಎರಡಾದರೂ ಹುಳ ನಮ್ಮಲ್ಲಿದ್ದರೆ ನೀವು ದಿನಾ ನೋಡಲು ಬರುತ್ತೀರಿ ಎಂದು ಎಣಿಸಿದ್ದೆ. ಅಣ್ಣ ಅಷ್ಟು ಜನರೆದುರು ಹಾಗೆ ಕೇಳಿದಾಗ ಇದನ್ನು ಹೇಳಲಿಕ್ಕೆ ಬಾಯಿ ಬರಲಿಲ್ಲ, ಆಣೆ ಬಂತು. ಸೋಮವಾರ ಬೆಳಿಗ್ಗೆ ಧರ್ಮಸ್ಥಳದ ಮೊದಲ ಬಸ್ಸಿಗೆ ನಿಂತಿರುತ್ತೇನೆ. ಅಣ್ಣನನ್ನು ಕಳಿಸಿ. ಹೋಗುವಾಗ ಆಣೆ ಇರುತ್ತದಲ್ಲ, ಅಣ್ಣ ಮುಂದಿನ ಸೀಟಿನಲ್ಲಿ ಕೂರಲಿ, ನಾನು ಹಿಂದೆ ಕೂರುತ್ತೇನೆ. ಬರುವಾಗ ಒಟ್ಟಿಗೆ ಕೂತು ಬರುವ.