ಐದಕ್ಕೆ ಬಾಗಿಲು ಹಾಕುವವಳಿಗೆ

ವಿಶಾಖಪಟ್ಟಣ, ಮಾರ್ಚ್ ೧೯೯೨

ಪ್ರಫುಲ್ಲಾ,

ನೀನು ವಿಜಯವಾಡಕ್ಕೆ ಹೋದಮೇಲೆ ಟೌನ್‌ಶಿಪ್ಪಿನ ಕೌನ್ಸೆಲಿಂಗ್ ಕೋಣೆಯಲ್ಲಿ ನಾನೊಬ್ಬಳೇ. ಇವತ್ತು ಬ್ಯಾಂಕಿನ ಶ್ರೀಪಾದರ ಹೆಂಡತಿ ಅನುಸೂಯಾ ಬಂದಿದ್ದರು. ಮಗುವನ್ನು ಕಳೆದುಕೊಂಡವರು. ಕೂತವರೇ ನನ್ನನ್ನು ಕೇಳಿದರು, "ಊಟ ಆತೇನ್ರಿ ಮೇಡಂ?"

ಇನ್ನೂ ಇಲ್ಲ ಎಂದೆ.

"ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನ್ನ ಅಳು ಒಳಗ ಉಳೀತದ. ದಣಿದವ್ರ ಮ್ಯಾಲೆ ಮತ್ತ ಭಾರ ಹಾಕಿದಂಗ ಅನಸ್ತದ. ವಿಜಯವಾಡದಾಗ ಪ್ರಫುಲ್ಲಾ ಮೇಡಂ ಕಡೆ ಹೋಗ್ತೀನ್ರಿ. ಐದಕ್ಕ ಬಾಗಿಲಾ ಹಾಕ್ತಾರಂತ, ಖರೆ ಕೂತಷ್ಟು ಹೊತ್ತು ಮನಸ್ಸಿಟ್ಟು ಕೇಳ್ತಾರಂತ."

ನೀನು ಇಲ್ಲಿದ್ದಾಗ ಸಂಜೆ ಐದಕ್ಕೆ ಕೆಲಸ ಮುಗಿಸಿ ಬೀಚಿಗೆ ಹೊರಟಾಗಲೆಲ್ಲ ನಾನು ಇನ್ನೊಬ್ಬರನ್ನು ಒಳಗೆ ಕರೆಯುತ್ತಿದ್ದೆ, ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ. ಈಗ ನನ್ನ ಬಳಿ ಬರುತ್ತಿದ್ದವರು ನಿನ್ನ ಕಡೆ ಹೊರಟಿದ್ದಾರೆ. ಹೊಟ್ಟೆ ಉರಿಯಿತು. ಆದರೂ ವಿಜಯವಾಡದ ನಿನ್ನ ಭವಾನಿಪುರಂ ವಿಳಾಸ ಬರೆದುಕೊಟ್ಟೆ.

ಅಂಚೆಗೆ ಹಾಕದ ಕಾಗದವಾದ್ದರಿಂದ ಇದನ್ನೂ ಹೇಳಬಲ್ಲೆ. ಆಕೆ ಹೋದಮೇಲೆ ಆ ಉರಿ ನಿನ್ನನ್ನು ಬಿಟ್ಟು ಆಕೆಯ ಕಡೆಗೇ ತಿರುಗಿತು. ಮುಂದಿನ ವಾರ ಆಕೆ ರೈಲು ಹತ್ತಿ ಬಂದು, ನನಗೂ ಕೂರಬೇಕೆನಿಸುವ ಆ ಜಾಗದಲ್ಲಿ ನಿನ್ನೆದುರು ಕೂತು, ಮನಸಾರೆ ಅಳುತ್ತಾರೆ.