ಎರಡನೆಯ ಮಣೆ

ಹಿನಕಲ್, ಮೈಸೂರು
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ಪದ್ಮೀ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಹುಬ್ಬಳ್ಳಿಯಲ್ಲಿ ಮಳೆ ಹಿಡಿದಿದೆಯಂತೆ, ನೆನೆದುಕೊಂಡು ಸ್ಕೂಟರ್ ಓಡಿಸಬೇಡಿ ಎಂದು ಭಾವನವರಿಗೆ ಹೇಳು. ಮೇಲೆ ‘ಅಣ್ಣನ ಆಶೀರ್ವಾದ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತದಲ್ಲ? ಕಾರಣ ಕೆಳಗಿದೆ. ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಒಳ್ಳೆಯದೇ ಆಯಿತು. ಎತ್ತಿದ್ದರೆ ನಾನೇ ಮಾತಾಡಿ, ನಾನೇ ಗೆದ್ದು, ನಾನೇ ಇಟ್ಟುಬಿಡುತ್ತಿದ್ದೆ.

ಅವ್ವ ಉಣ್ಣುತ್ತಾಳೆ, ಮಲಗುತ್ತಾಳೆ, ಶುಗರ್ ಹದದಲ್ಲಿದೆ. ನೆನಪು ಮಾತ್ರ ದಿನಕ್ಕಿಷ್ಟು ಎಂದು ಕರಗುತ್ತಿದೆ. ಎಪ್ಪತ್ತೆಂಟು ತುಂಬಿತಲ್ಲ, ಏನಾದರೂ ಒಳ್ಳೆಯದು ಕೊಡೋಣ ಎಂದು ಹೊರಟೆ. ಯಾವ ಗಿರಾಕಿಗೆ ಯಾವ ಟೈಲ್ಸ್ ಎಂದು ಅಂಗಡಿ ಬಾಗಿಲಲ್ಲೇ ಅಳೆಯುವವನು ನಾನು, ಹೆತ್ತವಳನ್ನು ಅಳೆಯಲಾರೆನೆ? ಮೊದಲು ಹೊತ್ತು, ವಾರ ಎಲ್ಲ ಬಾಯಿಬಿಟ್ಟು ಹೇಳುವ ಗಡಿಯಾರ ತಂದೆ. ಅವ್ವ ಅದಕ್ಕೆ “ಯಾರಪ್ಪಾ ಒಳಗೆ? ಊಟ ಆಯ್ತಾ?” ಎಂದು ಕೇಳಿ, ಅದರ ಮುಂದೆ ಒಂದು ತಟ್ಟೆ ಅನ್ನವನ್ನೂ ಇಟ್ಟಳು. ರೇಷ್ಮೆ ಸೀರೆ ತಂದೆ. ಯಾರೋ ಬಿಟ್ಟುಹೋಗಿದ್ದಾರೆ, ಬಂದು ಕೇಳುತ್ತಾರೆ ಎಂದು ಮಡಿಸಿ ಬಾಗಿಲ ಬಳಿ ಇಟ್ಟಳು. ದೊಡ್ಡಕ್ಷರದಲ್ಲಿ ಹೆಸರು ಬರೆಸಿದ ಫೋಟೋ ಆಲ್ಬಮ್ ಮಾಡಿಸಿದೆ. ನನ್ನ ಫೋಟೋ ನೋಡಿ “ಇವ್ನ್ಯಾರು, ಪಾಪ, ಇಷ್ಟು ದಪ್ಪ ಆಗವ್ನೆ” ಎಂದಳು. ನಿನ್ನ ಅತ್ತಿಗೆ ಇನ್ನೂ ನಗುತ್ತಿದ್ದಾಳೆ.

ಆಗ ನೆನಪಾಯಿತು, ಮೂರು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶದ ದಿನ, ಅವ್ವನ ಮರೆವಿಗೆ ಹೊಸ ಹೊಸ ಸಾಮಾನು ಕೊಡಿ ಎಂದ ಡಾಕ್ಟರ ಮಾತನ್ನು ನಾನು ಹೇಳುತ್ತಿದ್ದಾಗ ನೀನು ಅಂದದ್ದು: “ಅಣ್ಣಾ, ಹೊಸದು ಬೇಡ, ಅವ್ವನ ಕೈಗೆ ಗೊತ್ತಿರೋದು ಏನಾದ್ರೂ ಕೊಡು.” ನಾನು ನೆಂಟರೆಲ್ಲರ ಮುಂದೆ ಏನಂದೆ ಎನ್ನುವುದೂ ನೆನಪಿದೆ: “ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದೋಳು ಡಾಕ್ಟ್ರಿಗೇ ಪಾಠ ಹೇಳ್ತಾಳೆ ನೋಡ್ರಪ್ಪಾ.” ಎಲ್ಲರೂ ನಕ್ಕರು. ನೀನು ಅಂದಿನ ರೈಲಿಗೇ ಹೊರಟೆ.

ಹೋದ ಮಂಗಳವಾರ ಕೆಸರೆಗೆ ಹೋದೆ. ನಮ್ಮ ಹಳೆಯ ಬೀದಿಯಲ್ಲಿ ಸಿದ್ದಲಿಂಗಮ್ಮ ಇನ್ನೂ ಊದುಬತ್ತಿ ಹೊಸೆಯುತ್ತಾಳೆ. ಒಂದು ಕಟ್ಟು ಬಿದಿರುಕಡ್ಡಿ, ಒಂದು ಮುದ್ದೆ ಕಲಸಿದ ಕಪ್ಪುಹಿಟ್ಟು ಇಸಿದುಕೊಂಡು ಬಂದೆ. ಸಜ್ಜೆಯ ಮೇಲಿದ್ದ, ಅವ್ವ ಊದುಬತ್ತಿ ಹೊಸೆದು ನಮ್ಮನ್ನು ಸಾಕಿದ ಕಾಲದ ಎರಡು ಮಣೆ ಇಳಿಸಿ ಒರೆಸಿಕೊಟ್ಟೆ. ಪದ್ಮೀ, ನೀನು ನೋಡಬೇಕಿತ್ತು. ಚಮಚ ಹಿಡಿಯಲು ತಡಕಾಡುವ ಕೈ, ಕಡ್ಡಿ ಸಿಕ್ಕಿದ್ದೇ ತಡ, ಒಂದೇ ಸಮನೆ ಹೊಸೆಯತೊಡಗಿತು. ಒಂದು ಮಣೆ ತನಗಿಟ್ಟುಕೊಂಡಳು. ಇನ್ನೊಂದನ್ನು ಎಡಗಡೆಗೆ ಸರಿಸಿಟ್ಟಳು. ನೀನು ಕೂತು ಹೊಸೆಯುತ್ತಿದ್ದ ಕಡೆ ಅದು.

ಅಂಗಡಿಗೆ ಹೊರಟಿದ್ದೆ. ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು, ಮೂಗಿನ ಮೇಲೆ ಕನ್ನಡಕ. ಅವ್ವ ತಲೆಯೆತ್ತಿ ನೋಡಿ ಸೆರಗು ಸರಿಮಾಡಿಕೊಂಡಳು. ನಿನ್ನ ಹೈಸ್ಕೂಲಿನ ಹೆಡ್‌ಮೇಷ್ಟ್ರು ಮಂಟೇಸ್ವಾಮಿಯವರೇ ಬಂದರೆಂದು ತಿಳಿದಳು. “ಬನ್ನಿ ಮೇಷ್ಟ್ರೇ, ಕೂತ್ಕಳಿ. ಪದ್ಮಿ ಫಸ್ಟ್ ಕ್ಲಾಸು ಅಂತ ನಂಗೂ ಗೊತ್ತು ಕಣ್ರೀ. ಫೇಲಾದೆ ಅಂತ ಅವ್ಳೇ ಯೋಳ್ಕಂಡವ್ಳೆ. ಅವ್ರಪ್ಪ ಹೋದ್ಮೇಲೆ ನನ್ನೊಬ್ಳ ಕೈಲಿ ಇಬ್ರುನ್ನೂ ಓದ್ಸಕ್ಕಾದದಾ? ನಮ್ ಶಿವ್ರಾಮುಂಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಕಾಲೇಜ್ ಬುಟ್ಟು ಬಂದ್ಬುಡ್ತಾನೆ.”

ಮರೆವಿನ ಮಾತು, ಅದಕ್ಕೆಲ್ಲ ತಲೆಬುಡ ಇರುವುದಿಲ್ಲ ಎಂದುಕೊಂಡೆ. ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಅಷ್ಟರಲ್ಲಿ ಅವ್ವನೇ “ಪಾಸಾದ ಕಾಗ್ದ ಮಾದಪ್ಪನ ಪಟದ ಹಿಂದೆ ಅದೆ, ನೋಡ್ಕಳಿ” ಎಂದಳು. ಮೂರು ಮನೆ ಬದಲಾಯಿಸುವಾಗಲೂ ಆ ಪಟವನ್ನು ನಾನೇ ಎದೆಗೊತ್ತಿಕೊಂಡು ತಂದವನು. ದಿನಾ ಬೆಳಿಗ್ಗೆ ಅದಕ್ಕೇ ಕೈ ಮುಗಿದು ಅಂಗಡಿಗೆ ಹೋಗುವವನು. ಹಿಂದಿನ ರಟ್ಟು ಕಿತ್ತೆ. ನಿನ್ನ ಮಾರ್ಕ್ಸ್ ಕಾರ್ಡ್. ಗಣಿತ ತೊಂಬತ್ತೊಂದು. ನನ್ನದೆಷ್ಟೆಂದು ನಿನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ನಾಲ್ಕು ದಿನವಾಯಿತು, ಆ ಕಾರ್ಡನ್ನು ತೆಗೆದು ತೆಗೆದು ನೋಡುವುದೇ ಆಗಿದೆ. ‘ಈ ಎರಡು ಕೈಯಿಂದ ಮೇಲೆ ಬಂದವನು’ ಎಂದು ಬಂದ ಗಿರಾಕಿಗೆಲ್ಲ ಭಾಷಣ ಬಿಗಿಯುತ್ತಿದ್ದೆನಲ್ಲ, ನಿನ್ನ ಕೈ ಎಣಿಸಿರಲೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತು ಚುಚ್ಚುತ್ತಿದೆ. ಗೊತ್ತಾಗಿದ್ದರೆ ನಾನು ನಿಜಕ್ಕೂ ಕಾಲೇಜು ಬಿಟ್ಟು ಬರುತ್ತಿದ್ದೆನೆ? ಅವ್ವ ನಂಬಿದ್ದಳು. ನನಗೇ ಅನುಮಾನ. ಮೂವತ್ತಾರು ವರ್ಷ ನನ್ನ ಕುಚೋದ್ಯ ಕೇಳಿಕೊಂಡು ನೀನು ಹೇಗೆ ತುಟಿ ಬಿಚ್ಚಲಿಲ್ಲ, ಮಾರಾಯ್ತಿ?

ಭಾವನವರಿಗೆ ನಮಸ್ಕಾರ. ನಿನಗೂ ನಮಸ್ಕಾರವೇ. ಚಿಕ್ಕವಳಿಗೆ ಮಾಡಬಾರದು ಎನ್ನುವವರು ಬೇಕಾದರೆ ಮಾದಪ್ಪನನ್ನೇ ಕೇಳಿಕೊಳ್ಳಲಿ.

ನಿನ್ನ ದಡ್ಡ ಅಣ್ಣ,
ಶಿವರಾಮು

ತಾ.ಕ.: ಅಂಟಿಸಿದ ಲಕೋಟೆ ಕಿತ್ತು ಬರೆಯುತ್ತಿದ್ದೇನೆ. ಈಗಷ್ಟೇ ಅವ್ವ “ಮೇಷ್ಟ್ರೇ, ನಮ್ ಪದ್ಮಿನ ಕಾಲೇಜ್ಗೆ ಸೇರುಸ್ಕತೀರಾ?” ಎಂದಳು. ಸೇರಿಸಿಕೊಳ್ಳುತ್ತೇನಮ್ಮಾ, ಕಳಿಸಿಕೊಡಿ ಎಂದುಬಿಟ್ಟೆ. ಮುಖ ಅರಳಿತು. ಎಡಗಡೆಯ ಮಣೆ ಎತ್ತಿ ಗೋಡೆಗೆ ಒರಗಿಸಿ, “ಅವ್ಳಿಗಿನ್ನು ಇದು ಬ್ಯಾಡ” ಎಂದಳು. ಆಗಿನಿಂದ ಗೇಟಿನ ಕಡೆಗೇ ನೋಡುತ್ತಾ ಕೂತಿದ್ದಾಳೆ, ನಿನಗೆ ಹೇಳಬೇಕಂತೆ. ನನ್ನ ಮುಖದ ಗುರುತು ಹೋಗಿ ತಿಂಗಳಾಯಿತು, ನಿನ್ನ ಹೆಸರು ಇನ್ನೂ ಇದೆ. ಇರುವಾಗಲೇ ಬಾ. ಅವಳಿಗೆಂದು ಏನೂ ತರಬೇಡ.